ತನ್ನ ಸರ್ಕ್ಯೂಟ್ ತಾನೇ ಬದಲಿಸಿಕೊಳ್ಳುವ ಚಿಪ್: ಎಫ್‌ಪಿಜಿಎ ಬಗ್ಗೆ ಓದುಗರ ಪ್ರಶ್ನೆಗಳು

ಮೈಕ್ರೊಕಂಟ್ರೋಲರ್‌ಗೂ ಪ್ರೋಗ್ರಾಂ ಹಾಕುತ್ತೇವೆ, ಎಫ್‌ಪಿಜಿಎಗೂ ಹಾಕುತ್ತೇವೆ. ಹಾಗಾದರೆ ವ್ಯತ್ಯಾಸವೇನು?
– ಡಿಪ್ಲೊಮಾ ವಿದ್ಯಾರ್ಥಿನಿ, ತುಮಕೂರು

ಮೈಕ್ರೊಕಂಟ್ರೋಲರ್‌ನೊಳಗಿನ ಸರ್ಕ್ಯೂಟ್ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ನೀವು ಬರೆದ ಆದೇಶಗಳನ್ನು ಅದು ಒಂದಾದ ಮೇಲೊಂದರಂತೆ ಓದಿ ನಡೆಸುತ್ತದೆ. ಎಫ್‌ಪಿಜಿಎ (ಫೀಲ್ಡ್ ಪ್ರೋಗ್ರಾಮೆಬಲ್ ಗೇಟ್ ಅರೇ) ಎಂದರೆ ಒಳಗಿನ ಸರ್ಕ್ಯೂಟನ್ನು ಕೊಂಡ ಮೇಲೂ ಬದಲಿಸಬಹುದಾದ ಚಿಪ್. ಅದರಲ್ಲಿ ಹಾಗೆ ಓದಿ ನಡೆಸುವವರು ಯಾರೂ ಇಲ್ಲ. ಸರ್ಕ್ಯೂಟನ್ನು ವರ್ಣಿಸುವ ಭಾಷೆಯಾದ ವೆರಿಲಾಗ್‌ನಲ್ಲಿ ಬರೆದದ್ದು ಸರ್ಕ್ಯೂಟೇ ಆಗಿ ಚಿಪ್‌ನೊಳಗೆ ಕೂರುತ್ತದೆ. ಅದರ ಎಲ್ಲ ಭಾಗಗಳೂ ಏಕಕಾಲಕ್ಕೆ ಕೆಲಸ ಮಾಡುತ್ತವೆ.

ಇದು ಸಾಧ್ಯವಾಗುವುದು ಲುಕಪ್ ಟೇಬಲ್ ಅಥವಾ ‘ಲಟ್’ ಎಂಬ ಪುಟ್ಟ ಮೆಮೊರಿಯಿಂದ. ನಾಲ್ಕು ಇನ್‌ಪುಟ್‌ನ ಲಟ್‌ನಲ್ಲಿ 16 ಬಿಟ್ ಇರುತ್ತವೆ. ಇನ್‌ಪುಟ್‌ಗಳೇ ವಿಳಾಸ, ಆ ವಿಳಾಸದಲ್ಲಿರುವ ಬಿಟ್ಟೇ ಔಟ್‌ಪುಟ್. ಒಂದು ಟ್ಯಾಂಕಿಗೆ ಮೂರು ಸೆನ್ಸರ್ ಇವೆ, ಅವುಗಳಲ್ಲಿ ಎರಡಾದರೂ ಆನ್ ಆದಾಗ ಅಲಾರಂ ಹೊಡೆಯಬೇಕು ಎಂದುಕೊಳ್ಳಿ. ನಾಲ್ಕನೆಯ ಇನ್‌ಪುಟ್ ಅನ್ನು 0ಗೆ ಕಟ್ಟಿ, 3, 5, 6, 7ನೇ ವಿಳಾಸಗಳಲ್ಲಿ 1, ಉಳಿದೆಡೆ 0 ಬರೆದರೆ ಸರ್ಕ್ಯೂಟ್ ಸಿದ್ಧ. ನಾಳೆ ‘ಒಂದು ಆನ್ ಆದರೂ ಸಾಕು’ ಎಂದಾದರೆ 1ರಿಂದ 7ರವರೆಗಿನ ವಿಳಾಸಗಳಲ್ಲಿ 1 ಬರೆಯಿರಿ. ಬೆಸುಗೆಯ ಕಡ್ಡಿ ಮುಟ್ಟದೆ ಗೇಟ್ ಬದಲಾಯಿತು.

ಪ್ರತಿ ಲಟ್‌ನ ಜೊತೆಗೆ ಒಂದು ಬಿಟ್ ನೆನಪಿಟ್ಟುಕೊಳ್ಳುವ ಫ್ಲಿಪ್‌ಫ್ಲಾಪ್, ಸುತ್ತ ಬೇಕಾದಂತೆ ಜೋಡಿಸಬಹುದಾದ ತಂತಿಗಳು ಮತ್ತು ಸ್ವಿಚ್‌ಗಳು ಇರುತ್ತವೆ. ಲಟ್‌ಗಳಲ್ಲಿ ಏನಿರಬೇಕು, ಯಾವ ಸ್ವಿಚ್ ಮುಚ್ಚಿರಬೇಕು ಎಂಬುದನ್ನೆಲ್ಲ ಹೇಳುವ ಫೈಲೇ ಬಿಟ್‌ಸ್ಟ್ರೀಮ್. 1985ರಲ್ಲಿ ಬಂದ ಝೈಲಿಂಕ್ಸ್ ಕಂಪನಿಯ ಎಕ್ಸ್‌ಸಿ2064ರಲ್ಲಿ ಇಂಥ 64 ಲಾಜಿಕ್ ಬ್ಲಾಕ್‌ಗಳಿದ್ದವು. ಅದೇ ಕಂಪನಿಯ ಕಡಿಮೆ ಬೆಲೆಯ ಸರಣಿಯ ಆರ್ಟಿಕ್ಸ್-7 35ಟಿಯಲ್ಲಿ ಆರು ಇನ್‌ಪುಟ್‌ನ 20,800 ಲಟ್‌ಗಳು, ಗುಣಾಕಾರಕ್ಕೆಂದೇ ಮೀಸಲಾದ 90 ಡಿಎಸ್‌ಪಿ ಬ್ಲಾಕ್‌ಗಳು ಇವೆ.

ಮನೆಯಲ್ಲೇ ಕಲಿಯಲು ಯಾವ ಬೋರ್ಡ್ ಕೊಳ್ಳಲಿ? ಮೊದಲು ಏನು ಮಾಡಲಿ?
– ಎಲೆಕ್ಟ್ರಾನಿಕ್ಸ್ ಹವ್ಯಾಸಿ, ಶಿವಮೊಗ್ಗ

ಮೊದಲ ಬೋರ್ಡ್ ಆಗಿ ಟ್ಯಾಂಗ್ ನ್ಯಾನೊ 9ಕೆ ಸಾಕು. ಅದರಲ್ಲಿ ಗೋವಿನ್ ಕಂಪನಿಯ ಚಿಪ್, 8,640 ಲಟ್‌ಗಳು, 27 ಮೆಗಾಹರ್ಟ್ಸ್ ಕ್ಲಾಕ್ (ಸರ್ಕ್ಯೂಟ್‌ಗೆ ತಾಳ ಹಾಕುವ, ಸೆಕೆಂಡಿಗೆ 2.7 ಕೋಟಿ ಸಲದ ಮಿಡಿತ), ಆರು ಎಲ್‌ಇಡಿ, ಎರಡು ಬಟನ್ ಇವೆ. ಬೇರೆ ಪ್ರೋಗ್ರಾಮರ್ ಬೇಡ, ಯುಎಸ್‌ಬಿ ಕೇಬಲ್ ಸಾಕು. ಗೋವಿನ್‌ನ ಎಜುಕೇಶನ್ ಆವೃತ್ತಿಯ ಸಾಫ್ಟ್‌ವೇರ್ ಉಚಿತ. ಯೋಸಿಸ್, ನೆಕ್ಸ್ಟ್‌ಪಿಎನ್‌ಆರ್ ಎಂಬ ಮುಕ್ತ ಸಾಫ್ಟ್‌ವೇರ್‌ಗಳಿಂದಲೂ ಕೆಲಸ ನಡೆಯುತ್ತದೆ.

ಮೊದಲ ಕೆಲಸ, ಅರ್ಧ ಸೆಕೆಂಡಿಗೊಮ್ಮೆ ಎಲ್‌ಇಡಿಯ ಸ್ಥಿತಿ ಬದಲಿಸುವುದು. ಅರ್ಧ ಸೆಕೆಂಡಿನಲ್ಲಿ ಕ್ಲಾಕ್ 1,35,00,000 ಸಲ ಮಿಡಿಯುತ್ತದೆ. ಅಷ್ಟು ಎಣಿಸಲು 24 ಬಿಟ್‌ನ ಕೌಂಟರ್ ಬೇಕು. 23 ಬಿಟ್ ಕೊಟ್ಟರೆ ಎಣಿಕೆ 83,88,607ಕ್ಕೆ ಮುಗಿದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ನೀವು ಹೋಲಿಸುವ ಸಂಖ್ಯೆ ಎಂದೂ ಬರುವುದಿಲ್ಲ, ಎಲ್‌ಇಡಿ ಇದ್ದ ಹಾಗೇ ಇರುತ್ತದೆ.

ವೆರಿಲಾಗ್ ಫೈಲಿನ ಜೊತೆಗೆ ಯಾವ ಸಿಗ್ನಲ್ ಯಾವ ಪಿನ್‌ಗೆ ಎಂದು ಹೇಳುವ ಕನ್‌ಸ್ಟ್ರೇಂಟ್ ಫೈಲ್ ಬರೆಯಬೇಕು: ಕ್ಲಾಕ್‌ಗೆ ಪಿನ್ 52, ಮೊದಲ ಎಲ್‌ಇಡಿಗೆ ಪಿನ್ 10. ಎಲ್‌ಇಡಿ ಮತ್ತು ಬಟನ್‌ಗಳಿರುವ ಬ್ಯಾಂಕ್ (ಒಂದೇ ವೋಲ್ಟೇಜ್ ಹಂಚಿಕೊಳ್ಳುವ ಪಿನ್‌ಗಳ ಗುಂಪು) 1.8 ವೋಲ್ಟ್‌ನದು, ಫೈಲಿನಲ್ಲೂ ಹಾಗೆಯೇ ನಮೂದಿಸಿ. ಆಮೇಲೆ ಸಿಂಥೆಸಿಸ್ (ಕೋಡನ್ನು ಲಟ್, ಫ್ಲಿಪ್‌ಫ್ಲಾಪ್‌ಗಳಾಗಿ ಬದಲಿಸುವುದು), ಪ್ಲೇಸ್ ಅಂಡ್ ರೂಟ್ (ಅವುಗಳಿಗೆ ಚಿಪ್‌ನಲ್ಲಿ ಜಾಗ, ತಂತಿ ಗೊತ್ತುಮಾಡುವುದು), ಬಿಟ್‌ಸ್ಟ್ರೀಮ್, ಲೋಡ್. ಈ ಬೋರ್ಡ್‌ನ ಎಲ್‌ಇಡಿ ಹೊತ್ತುವುದು 0 ಕೊಟ್ಟಾಗ. 1 ಕೊಟ್ಟರೆ ಆರುತ್ತದೆ. ಇದು ಗೊತ್ತಿಲ್ಲದೆ ಕೋಡ್‌ನಲ್ಲಿ ಇಲ್ಲದ ತಪ್ಪು ಹುಡುಕುತ್ತ ಕೂರಬೇಡಿ.

ಒಂದು ಎಚ್ಚರಿಕೆ: ಆರ್ಡುಯಿನೊ ಉನೊದ 5 ವೋಲ್ಟ್ ಸಿಗ್ನಲ್ ಅನ್ನು ನೇರವಾಗಿ ಎಫ್‌ಪಿಜಿಎ ಪಿನ್‌ಗೆ ಕೊಟ್ಟರೆ ಚಿಪ್ ಹಾಳಾಗಬಹುದು. 3.3 ವೋಲ್ಟ್ ಬ್ಯಾಂಕಿನ ಪಿನ್ ಆರಿಸಿ, ಸಿಗ್ನಲ್ ದಾರಿಯಲ್ಲಿ 1 ಕಿಲೊಓಮ್, ಪಿನ್‌ನಿಂದ ಗ್ರೌಂಡ್‌ಗೆ 2 ಕಿಲೊಓಮ್ ಹಾಕಿ. ನಿಧಾನದ ಸಿಗ್ನಲ್‌ಗೆ ಇಷ್ಟು ಸಾಕು. ವೇಗದ್ದಕ್ಕೆ ಲೆವೆಲ್ ಶಿಫ್ಟರ್ ಐಸಿಯೇ ಬೇಕು.

ಬಟನ್ ಒಮ್ಮೆ ಒತ್ತಿದರೆ ಎಣಿಕೆ ಒಂದರ ಬದಲು ಐದೋ ಎಂಟೋ ಏರುತ್ತದೆ. ಸಿಮ್ಯುಲೇಶನ್‌ನಲ್ಲಿ ಎಲ್ಲ ಸರಿಯಾಗಿದೆ.
– ಬಿಇ ವಿದ್ಯಾರ್ಥಿ, ಹುಬ್ಬಳ್ಳಿ

ಸಿಮ್ಯುಲೇಶನ್‌ನಲ್ಲಿ ನೀವು ಕೊಟ್ಟ ಬಟನ್ ಶುದ್ಧ 0 ಮತ್ತು 1. ನಿಜವಾದ ಬಟನ್‌ನ ಲೋಹದ ತುದಿಗಳು ಸೇರುವಾಗ ಕೆಲವು ಮಿಲಿಸೆಕೆಂಡು ಪುಟಿಯುತ್ತವೆ. 27 ಮೆಗಾಹರ್ಟ್ಸ್ ಸರ್ಕ್ಯೂಟ್‌ಗೆ ಪ್ರತಿ ಪುಟಿತವೂ ಹೊಸ ಒತ್ತುವಿಕೆ. ಇದರ ಹಿಂದೆ ಇನ್ನೂ ಕೆಟ್ಟ ತೊಂದರೆಯಿದೆ. ಬಟನ್ ನಿಮ್ಮ ಕ್ಲಾಕ್ ನೋಡಿಕೊಂಡು ಬದಲಾಗುವುದಿಲ್ಲ. ಕ್ಲಾಕ್ ಏರುವ ಕ್ಷಣದಲ್ಲೇ ಅದು ಬದಲಾದರೆ ಫ್ಲಿಪ್‌ಫ್ಲಾಪ್ ಸ್ವಲ್ಪ ಹೊತ್ತು 0 ಅಥವಾ 1 ಎಂದು ತೀರ್ಮಾನಿಸಲಾಗದೆ ನಡುವೆ ನಿಲ್ಲುತ್ತದೆ. ಇದೇ ಮೆಟಾಸ್ಟೆಬಿಲಿಟಿ. ಆ ಸಿಗ್ನಲ್ ಹತ್ತು ಕಡೆ ಹೋಗುತ್ತಿದ್ದರೆ ಕೆಲವು ಭಾಗ ಅದನ್ನು 0 ಎಂದೂ ಕೆಲವು 1 ಎಂದೂ ಓದುತ್ತವೆ. ಸ್ಟೇಟ್ ಮಷೀನ್ (ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಸಾಗುವ ಸರ್ಕ್ಯೂಟ್) ತನ್ನಲ್ಲಿ ಇರಬಾರದ ಸ್ಥಿತಿಗೆ ಹೋಗಿ ಸಿಕ್ಕಿಕೊಳ್ಳುವುದು ಹೀಗೆಯೇ.

ಪರಿಹಾರದ ಕ್ರಮ ಮುಖ್ಯ. ಮೊದಲು ಬಟನ್ ಅನ್ನು ಒಂದರ ಹಿಂದೊಂದು ಇರುವ ಎರಡು ಫ್ಲಿಪ್‌ಫ್ಲಾಪ್‌ಗಳ ಮೂಲಕ ಹಾಯಿಸಿ. ಎರಡನೆಯದರ ಔಟ್‌ಪುಟ್ ಮಾತ್ರ ಬಳಸಿ. ನಂತರ ಅದು 20 ಮಿಲಿಸೆಕೆಂಡು ಬದಲಾಗದೆ ನಿಂತರೆ ಮಾತ್ರ ಒಪ್ಪಿಕೊಳ್ಳುವ ಕೌಂಟರ್ ಇಡಿ: ನಿಮ್ಮ ಬೋರ್ಡ್ ಕೂಡ 27 ಮೆಗಾಹರ್ಟ್ಸ್‌ನದಾದರೆ 5,40,000 ಎಣಿಕೆ, ಅಂದರೆ 20 ಬಿಟ್. ಕೊನೆಗೆ ಹಿಂದಿನ ಬೆಲೆಯನ್ನು ಇನ್ನೊಂದು ಫ್ಲಿಪ್‌ಫ್ಲಾಪ್‌ನಲ್ಲಿಟ್ಟು, ಹೊಸದರ ಜೊತೆ ಹೋಲಿಸಿ, ಒತ್ತದ ಸ್ಥಿತಿಯಿಂದ ಒತ್ತಿದ ಸ್ಥಿತಿಗೆ ಬದಲಾದ ಒಂದೇ ಕ್ಲಾಕ್‌ನಲ್ಲಿ ಎಣಿಕೆ ಏರಿಸಿ. ಬಟನ್ ಅನ್ನೇ ಕ್ಲಾಕ್‌ನಂತೆ ‘ಪೋಸ್‌ಎಡ್ಜ್’ಗೆ (ಸಿಗ್ನಲ್ ಏರುವ ಕ್ಷಣವನ್ನು ಸೂಚಿಸುವ ವೆರಿಲಾಗ್ ಪದ) ಕೊಡುವುದು ತಪ್ಪು ಅಭ್ಯಾಸ, ದಯವಿಟ್ಟು ಬಿಟ್ಟುಬಿಡಿ.

‘ಟೈಮಿಂಗ್ ಫೇಲ್, ಸ್ಲ್ಯಾಕ್ -1.4’ ಎಂದು ಬರುತ್ತದೆ, ಆದರೂ ಬೋರ್ಡ್ ಓಡುತ್ತಿದೆ. ಹಾಗೇ ಬಿಡಬಹುದೇ?
– ಉಪನ್ಯಾಸಕರು, ಮಂಗಳೂರು

ಬಿಡಬಾರದು. ಸ್ಲ್ಯಾಕ್ ಎಂದರೆ ಸಿಗ್ನಲ್‌ಗೆ ಸಿಗುವ ಸಮಯದಲ್ಲಿ ಉಳಿಯುವ ನ್ಯಾನೊಸೆಕೆಂಡು; ಅದು ಋಣವಾದರೆ ಸಮಯ ಸಾಲುತ್ತಿಲ್ಲ. ನಿಮ್ಮ ಕ್ಲಾಕ್ 100 ಮೆಗಾಹರ್ಟ್ಸ್ ಆಗಿದ್ದರೆ ಒಂದು ಫ್ಲಿಪ್‌ಫ್ಲಾಪ್‌ನಿಂದ ಇನ್ನೊಂದಕ್ಕೆ ಮುಟ್ಟಲು ಸಿಗ್ನಲ್‌ಗೆ 10 ನ್ಯಾನೊಸೆಕೆಂಡು ಸಿಗುತ್ತದೆ. ನಿಮ್ಮ ಅತಿ ಉದ್ದದ ದಾರಿಗೆ ಸುಮಾರು 11.4 ಬೇಕು, ಅಂದರೆ ವಿನ್ಯಾಸ ತಾಳುವುದು ಸುಮಾರು 87 ಮೆಗಾಹರ್ಟ್ಸ್ ಮಾತ್ರ. ಟೂಲ್ (ವಿನ್ಯಾಸದ ಸಾಫ್ಟ್‌ವೇರ್) ಲೆಕ್ಕ ಹಾಕುವುದು ಅತಿ ಕೆಟ್ಟ ತಾಪಮಾನ, ವೋಲ್ಟೇಜ್‌ಗಳಿಗೆ. ಮೇಜಿನ ಮೇಲೆ ಇಂದು ಓಡಿದ್ದು ಪೆಟ್ಟಿಗೆಯೊಳಗೆ ಬಿಸಿಯಾದಾಗ ತಪ್ಪು ಉತ್ತರ ಕೊಡಬಹುದು.

ಟೈಮಿಂಗ್ ವರದಿಯಲ್ಲಿ ಆ ದಾರಿಯನ್ನೇ ತೆರೆದು ನೋಡಿ. ಲಾಜಿಕ್ ಹೆಚ್ಚಿದ್ದರೆ, ಉದಾಹರಣೆಗೆ ಗುಣಾಕಾರ, ಕೂಡಿಸುವಿಕೆ, ಹೋಲಿಕೆ ಮೂರೂ ಒಂದೇ ಕ್ಲಾಕ್‌ನಲ್ಲಿದ್ದರೆ, ನಡುವೆ ರಿಜಿಸ್ಟರ್ (ಫ್ಲಿಪ್‌ಫ್ಲಾಪ್‌ಗಳ ಸಾಲು) ಹಾಕಿ ಎರಡಾಗಿ ಒಡೆಯಿರಿ. ಉತ್ತರ ಒಂದು ಕ್ಲಾಕ್ ತಡವಾಗುತ್ತದೆ, ಆದರೆ ಪ್ರತಿ ಕ್ಲಾಕ್‌ಗೂ ಒಂದು ಉತ್ತರ ಬರುವುದು ತಪ್ಪುವುದಿಲ್ಲ. ಡೇಟಾ ಜೊತೆ ಹೋಗುವ, ಅದು ಸಿದ್ಧ ಎಂದು ಹೇಳುವ ‘ವ್ಯಾಲಿಡ್’ ಸಿಗ್ನಲ್‌ಗೂ ಅಷ್ಟೇ ತಡ ಕೊಡಿ; ಬಹುಪಾಲು ಜನ ಮರೆಯುವುದು ಇದನ್ನೇ. ತಂತಿಯ ವಿಳಂಬವೇ ಹೆಚ್ಚಿದ್ದು, ಒಂದೇ ರಿಜಿಸ್ಟರ್ ನೂರಾರು ಕಡೆಗೆ ಹೋಗುತ್ತಿದ್ದರೆ ಆ ರಿಜಿಸ್ಟರ್‌ನ ನಕಲು ಮಾಡಿ ಹೊರೆ ಹಂಚಿ.

ಕ್ಲಾಕ್‌ನ ವೇಗ ತಿಳಿಸುವ ಕನ್‌ಸ್ಟ್ರೇಂಟನ್ನೇ ಬರೆಯದಿದ್ದರೆ ನಿಮಗೆ ಬೇಕಾದ ವೇಗ ಎಷ್ಟೆಂಬುದೇ ಟೂಲ್‌ಗೆ ಗೊತ್ತಿರುವುದಿಲ್ಲ. ಆಗ ದೋಷವಿಲ್ಲ ಎಂದು ಬಂದ ವರದಿಗೆ ಅರ್ಥವಿಲ್ಲ.

ಕರೆಂಟ್ ಹೋದರೆ ವಿನ್ಯಾಸ ಅಳಿಸಿಹೋಗುತ್ತದೆ. ಚಿಪ್ ಓಡುತ್ತಿರುವಾಗಲೇ ಸರ್ಕ್ಯೂಟ್ ಬದಲಿಸಬಹುದು ಎನ್ನುತ್ತಾರಲ್ಲ, ಅದು ಹೇಗೆ?
– ಓದುಗರು, ಮೈಸೂರು

ಲಟ್‌ನ ಬಿಟ್‌ಗಳು ಹೆಚ್ಚಿನ ಎಫ್‌ಪಿಜಿಎಗಳಲ್ಲಿ ಎಸ್‌ರ್‍ಯಾಮ್‌ನಲ್ಲಿರುತ್ತವೆ, ಕರೆಂಟ್ ಹೋದೊಡನೆ ಅಳಿಯುತ್ತವೆ. ಅದಕ್ಕೆ ಬಿಟ್‌ಸ್ಟ್ರೀಮ್ ಅನ್ನು ಕರೆಂಟ್ ಹೋದರೂ ಅಳಿಯದ ಫ್ಲ್ಯಾಶ್ ಮೆಮೊರಿಗೆ ಬರೆಯಬೇಕು; ಕರೆಂಟ್ ಬಂದಾಗ ಚಿಪ್ ಅದನ್ನು ಅಲ್ಲಿಂದ ಓದಿಕೊಳ್ಳುತ್ತದೆ. ಲೋಡ್ ಮಾಡುವಾಗ ‘ಎಸ್‌ರ್‍ಯಾಮ್’ ಬದಲು ‘ಫ್ಲ್ಯಾಶ್’ ಆರಿಸಿ. ಆರ್ಟಿಕ್ಸ್-7 35ಟಿಯ ಬಿಟ್‌ಸ್ಟ್ರೀಮ್ ಸುಮಾರು 1.75 ಕೋಟಿ ಬಿಟ್. ಒಂದೇ ಡೇಟಾ ತಂತಿಯ ಫ್ಲ್ಯಾಶ್‌ನಿಂದ 33 ಮೆಗಾಹರ್ಟ್ಸ್‌ನಲ್ಲಿ ಓದಿದರೆ ಅರ್ಧ ಸೆಕೆಂಡು ಹಿಡಿಯುತ್ತದೆ, ನಾಲ್ಕು ತಂತಿಯಾದರೆ ಅದರ ಕಾಲು ಭಾಗ.

ಓಡುವಾಗಲೇ ಬದಲಿಸುವುದಕ್ಕೆ ಪಾರ್ಷಿಯಲ್ ರೀಕಾನ್ಫಿಗರೇಶನ್ ಎನ್ನುತ್ತಾರೆ. ಸ್ಥಿರ ಭಾಗ ಮತ್ತು ಬದಲಾಗುವ ಭಾಗ ಎರಡೂ ಇರುವ ಕಂಪ್ಯೂಟರ್‌ನ ಕಲ್ಪನೆಯನ್ನು ಜೆರಾಲ್ಡ್ ಎಸ್ಟ್ರಿನ್ 1960ರಲ್ಲೇ ಮಂಡಿಸಿದ್ದರು. ಇಂದು ಮಾಡುವುದೂ ಅದನ್ನೇ: ಚಿಪ್‌ನ ಒಂದು ಆಯತವನ್ನು ಮೀಸಲಿಟ್ಟು ಅದಕ್ಕೆ ಮಾತ್ರ ಸಣ್ಣ ಬಿಟ್‌ಸ್ಟ್ರೀಮ್ ಕಳಿಸುತ್ತಾರೆ. ಝೈಲಿಂಕ್ಸ್ 7 ಸರಣಿಯಲ್ಲಿ ಇದಕ್ಕಿರುವ ಒಳಬಾಗಿಲು ಐಕ್ಯಾಪ್. 32 ಬಿಟ್, 100 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ ಗರಿಷ್ಠ 400 ಮೆಗಾಬೈಟ್. ಆ ಜಾಗಕ್ಕೆ ಬರುವ ಎಲ್ಲ ಮಾಡ್ಯೂಲ್‌ಗಳ ಪೋರ್ಟ್‌ಗಳೂ ಒಂದೇ ರೀತಿ ಇರಬೇಕು. ಬರೆಯುತ್ತಿರುವಷ್ಟು ಹೊತ್ತು ಅಲ್ಲಿಂದ ಹೊರಡುವ ಸಿಗ್ನಲ್‌ಗಳಿಗೆ ಅರ್ಥವಿರುವುದಿಲ್ಲ. ಗಡಿಯಲ್ಲಿ ಅವನ್ನು ತಡೆದಿಟ್ಟು, ಬರೆದು ಮುಗಿದ ಮೇಲೆ ರೀಸೆಟ್ ಕೊಟ್ಟು, ನಂತರ ಬಿಡಿ. ಈ ತಡೆ ಹಾಕದಿದ್ದರೆ ಬಸ್ (ಭಾಗಗಳ ನಡುವಿನ ಹಂಚಿಕೆಯ ತಂತಿಗಳು) ಮೇಲೆ ಸುಳ್ಳು ಸಿಗ್ನಲ್ ಹೋಗಿ ಚೆನ್ನಾಗಿ ಓಡುತ್ತಿದ್ದ ಸ್ಥಿರ ಭಾಗವೂ ನಿಂತುಬಿಡಬಹುದು.

ಎಫ್‌ಪಿಜಿಎಯೊಳಗೆ ಪ್ರೊಸೆಸರನ್ನೇ ಹಾಕಬಹುದೇ?
– ಪಿಯುಸಿ ವಿದ್ಯಾರ್ಥಿ, ಕಲಬುರಗಿ

ಹಾಕಬಹುದು. ಐಐಟಿ ಮದ್ರಾಸ್‌ನ ‘ಶಕ್ತಿ’ ಪ್ರೊಸೆಸರ್‌ಗಳನ್ನು ಆರ್ಟಿಕ್ಸ್-7 ಚಿಪ್ ಇರುವ ಆರ್ಟಿ ಎ7 ಬೋರ್ಡ್‌ನಲ್ಲಿ ಓಡಿಸಿ ನೋಡಬಹುದು. ಪಿಕೊಆರ್‌ವಿ32 ಎಂಬ ಪುಟ್ಟ ರಿಸ್ಕ್-5 (ಯಾರೂ ಬಳಸಬಹುದಾದ ಮುಕ್ತ ಆದೇಶ ಮಾದರಿ) ಪ್ರೊಸೆಸರ್ ಝೈಲಿಂಕ್ಸ್ 7 ಸರಣಿಯಲ್ಲಿ 750ರಿಂದ 2,000 ಲಟ್‌ಗಳಲ್ಲಿ ಹಿಡಿಯುತ್ತದೆ. ಮೆನು, ಸೀರಿಯಲ್ ಪೋರ್ಟ್, ಸೆಟ್ಟಿಂಗ್‌ನಂಥ ನಿಧಾನದ ಕೆಲಸಗಳನ್ನು ಅದಕ್ಕೆ ಬಿಡಿ. ಪ್ರತಿ ಕ್ಲಾಕ್‌ಗೂ ಉತ್ತರ ಬೇಕಾದ ಕೆಲಸಕ್ಕೆ ಪಕ್ಕದಲ್ಲೇ ನಿಮ್ಮದೇ ಸರ್ಕ್ಯೂಟ್ ಕಟ್ಟಿ, ಎರಡನ್ನೂ ರಿಜಿಸ್ಟರ್‌ಗಳ ಮೂಲಕ ಜೋಡಿಸಿ.