ದೊರೆ ಬಂಗಲೆಯ ರತ್ನಗಂಬಳಿ

ಪ್ರಶ್ನೆ: ನಮ್ಮದು ಕಾಫಿ ತೋಟ. ಬ್ರಿಟಿಷ್ ದೊರೆಯೊಬ್ಬರು ಊರು ಬಿಟ್ಟು ಹೋಗುವಾಗ ಅಜ್ಜ ಅವರ ಬಂಗಲೆಯಿಂದ ಉಣ್ಣೆಯ ರತ್ನಗಂಬಳಿಯೊಂದನ್ನು ಕೊಂಡಿದ್ದರು. ಪರ್ಷಿಯಾದ್ದು ಅಂತಲೇ ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಮೊನ್ನೆ ಮಗುಚಿ ನೋಡಿದರೆ ‘ಒಬೀಟೀ, ಮಿರ್ಜಾಪುರ’ ಅಂತ ಚೀಟಿ ಇದೆ. ಯಾವ ಕಂಪನಿ ಇದು? ಈಗಲೂ ಇದೆಯಾ?
– ಓದುಗರು, ಸುಂಟಿಕೊಪ್ಪ

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ. ಪರ್ಷಿಯಾದ್ದು ಅಲ್ಲದಿದ್ದರೂ ಅಜ್ಜ ತಂದಿರುವುದು ಒಳ್ಳೆಯ ಮಾಲೇ. ಮಿರ್ಜಾಪುರ ಇರುವುದು ಉತ್ತರ ಪ್ರದೇಶದಲ್ಲಿ, ಗಂಗೆಯ ದಡದಲ್ಲಿ. ಓಕ್ಲಿ, ಬೌಡನ್, ಟೇಲರ್ ಎಂಬ ಮೂವರು ಇಂಗ್ಲಿಷರು 1920ರಲ್ಲಿ ಅಲ್ಲಿ ಈ ಕಂಪನಿ ಶುರು ಮಾಡಿದರು. ಅವರ ಹೆಸರುಗಳ ಇಂಗ್ಲಿಷ್ ಮೊದಲಕ್ಷರ ಓ, ಬಿ, ಟಿ. ಅದೇ ಒಬೀಟೀ ಆಯಿತು.

ಕಂಪನಿ ಅಂದ ಕೂಡಲೇ ದೊಡ್ಡ ಶೆಡ್ಡು, ಸಾಲು ಸಾಲು ಯಂತ್ರ ಕಣ್ಣಿಗೆ ಬರುತ್ತದೆ ಅಲ್ವಾ? ಇಲ್ಲಿ ಹಾಗಲ್ಲ. ಬಣ್ಣ ಹಾಕಿದ ಉಣ್ಣೆ ಮತ್ತು ನಕ್ಷೆ ಕಂಪನಿಯಿಂದ ಹೋಗುತ್ತದೆ, ಮಿರ್ಜಾಪುರ, ಭದೋಹಿ ಸುತ್ತಿನ ಹಳ್ಳಿಗಳ ನೇಕಾರರು ಆ ನಕ್ಷೆ ನೋಡಿಕೊಂಡು ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹತ್ತಿ ಎಳೆಗಳಿಗೆ (ಇದಕ್ಕೆ ಹಾಸು ಅನ್ನುತ್ತಾರೆ) ಉಣ್ಣೆಯನ್ನು ಒಂದೊಂದೇ ಗಂಟು ಹಾಕಿ, ಚಾಕುವಿನಿಂದ ಕತ್ತರಿಸಿ, ಸಾಲು ಮುಗಿದ ಮೇಲೆ ಹೊಕ್ಕು, ಅಂದರೆ ಅಡ್ಡ ಎಳೆ, ಹಾಯಿಸಿ ‘ಪಂಜಾ’ ಎಂಬ ಕಬ್ಬಿಣದ ಹಣಿಗೆಯಿಂದ ಬಡಿದು ಕೂರಿಸುತ್ತಾರೆ. ಚೀಟಿಯಲ್ಲಿ ಮೂವರು ದೊರೆಗಳ ಹೆಸರು ಉಳಿಯಿತು, ಗಂಟು ಹಾಕಿದವರ ಹೆಸರು ಎಲ್ಲೂ ಇಲ್ಲ. ಇದು ನನಗೆ ತುಂಬ ನೋವು ಕೊಡುವ ವಿಷಯ.

ಕಂಪನಿ ಈಗಲೂ ಇದೆ, ಭಾರತೀಯರ ಕೈಯಲ್ಲಿದೆ. 2023ರಲ್ಲಿ ತೆರೆದ ಹೊಸ ಸಂಸತ್ ಭವನದ ಎರಡೂ ಸಭೆಗಳ ರತ್ನಗಂಬಳಿ ಇವರದೇ. ಲೋಕಸಭೆಯದ್ದರಲ್ಲಿ ನವಿಲು, ರಾಜ್ಯಸಭೆಯದ್ದರಲ್ಲಿ ತಾವರೆ. ಸುಮಾರು 900 ನೇಕಾರರು ಒಟ್ಟು 10 ಲಕ್ಷ ಗಂಟೆ ದುಡಿದಿದ್ದಾರೆ. ಲೋಕಸಭೆಗೆ 158, ರಾಜ್ಯಸಭೆಗೆ 156 ತುಂಡು ನೇಯ್ದು, ಅರ್ಧವೃತ್ತವಾಗಿ ಜೋಡಿಸಿ ಹೊಲಿದಿದ್ದಾರೆ.

ನಿಮ್ಮದು ಕೈಮಗ್ಗದ್ದೇ ಅಂತ ತಿಳಿಯಲು ಹಿಂಬದಿ ನೋಡಿ. ಮುಂದಿನ ಚಿತ್ತಾರ ಹಿಂದೆಯೂ ಸ್ಪಷ್ಟವಾಗಿ ಕಾಣಬೇಕು. ಅಂಚಿನ ಕುಚ್ಚು ಆಮೇಲೆ ಹೊಲಿದದ್ದಾಗಿರಬಾರದು, ಹಾಸಿನ ಎಳೆಯೇ ಮುಂದುವರಿದು ಬಂದಿರಬೇಕು. ಹಿಂದೆ ಬಟ್ಟೆ ಅಂಟಿಸಿದ್ದರೆ ಅದು ಹೀಗೆ ಗಂಟು ಹಾಕಿ ನೇಯ್ದದ್ದಲ್ಲ, ಬೇರೆ ಜಾತಿ.

ಕೊನೆಗೆ, ನೀವು ಕೇಳದಿದ್ದರೂ ಒಂದು ಮಾತು. ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಇದನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿಡಬೇಡಿ, ಬೂಷ್ಟು ಹಿಡಿಯುತ್ತದೆ. ಮಡಚಲೂ ಬೇಡಿ. ಚೆನ್ನಾಗಿ ಒಣಗಿಸಿ, ಸುರುಳಿ ಸುತ್ತಿ, ಹಳೆಯ ಹತ್ತಿ ಸೀರೆ ಹೊದಿಸಿ ನೆಲದಿಂದ ಮೇಲೆ ಇಡಿ. ಬಿಸಿಲು ಬಂದ ದಿನ ಬಿಚ್ಚಿ ಗಾಳಿಗೆ ಹಾಕಿ, ಉಣ್ಣೆಗೆ ಹುಳ ಬಿದ್ದಿದೆಯಾ ಅಂತ ಹಿಂಬದಿಯನ್ನೂ ನೋಡಿ. ಆ ಚೀಟಿಯನ್ನು ಮಾತ್ರ ಕೀಳಬೇಡಿ.