ಬೇಸ್‌ಬಾಲ್ ಸ್ಟೇಡಿಯಂ ಸುತ್ತು: ಮೊದಲು ವೇಳಾಪಟ್ಟಿ, ಆಮೇಲೆ ನಕ್ಷೆ

ನಮಸ್ಕಾರ. ನೀವು ಕೇಳಿದ್ದು ಇಷ್ಟು: ಶಿಕಾಗೊ ಪಕ್ಕದ ನೇಪರ್‌ವಿಲ್‌ನಿಂದ ಹೊರಟು, ಜುಲೈನಲ್ಲಿ ಒಂಬತ್ತು ದಿನದೊಳಗೆ ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್, ಪಿಟ್ಸ್‌ಬರ್ಗ್, ಸಿನ್ಸಿನಾಟಿ, ಸೇಂಟ್ ಲೂಯಿಸ್, ಕಾನ್ಸಾಸ್ ಸಿಟಿ, ಮಿಲ್ವಾಕಿ, ಈ ಏಳೂ ಕಡೆ ಮೇಜರ್ ಲೀಗ್ (ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್) ಆಟ ನೋಡಬೇಕು. ಕಾರಿನಲ್ಲಿ ನೀವಿಬ್ಬರು, ಹತ್ತು ವರ್ಷದ ಮಗ, ಮೈಸೂರಿನಿಂದ ಬಂದಿರುವ ಅಪ್ಪ-ಅಮ್ಮ.

ಏಳು ಆಗುವುದಿಲ್ಲ. ನಾಲ್ಕು ಚೆನ್ನಾಗಿ ಆಗುತ್ತದೆ. ಮಿಲ್ವಾಕಿ ನಿಮಗೆ ಎರಡು ಗಂಟೆಯ ದಾರಿ, ಅದನ್ನು ಬೇರೆ ಯಾವುದಾದರೂ ವಾರಾಂತ್ಯಕ್ಕೆ ಇಟ್ಟುಕೊಳ್ಳಿ. ಸೇಂಟ್ ಲೂಯಿಸ್ ಶಿಕಾಗೊದಿಂದ ಸುಮಾರು 300 ಮೈಲಿ, ಅಲ್ಲಿಂದ ಕಾನ್ಸಾಸ್ ಸಿಟಿ ಇನ್ನೂ 250. ಅದು ಪಶ್ಚಿಮ ದಿಕ್ಕಿನ ಇನ್ನೊಂದು ಪ್ರವಾಸ. ಉಳಿದ ನಾಲ್ಕು ಊರು ಸೇರಿದರೆ ಒಳ್ಳೆಯ ಸುತ್ತು: ನೇಪರ್‌ವಿಲ್‌ನಿಂದ ಡೆಟ್ರಾಯಿಟ್ 300 ಮೈಲಿ ಹತ್ತಿರ, ಅಲ್ಲಿಂದ ಕ್ಲೀವ್‌ಲ್ಯಾಂಡ್ 170, ಪಿಟ್ಸ್‌ಬರ್ಗ್ 135, ಸಿನ್ಸಿನಾಟಿ 290, ಮತ್ತೆ ಮನೆಗೆ 300. ಒಟ್ಟು ಸುಮಾರು 1,200 ಮೈಲಿ. ಊರೊಳಗಿನ ಓಡಾಟಕ್ಕೆ ಇನ್ನೊಂದು 200 ಸೇರಿಸಿ. ಗ್ಯಾಲನ್‌ಗೆ 25 ಮೈಲಿ ಕೊಡುವ ಗಾಡಿಗೆ 56 ಗ್ಯಾಲನ್ ಗ್ಯಾಸ್ (ಪೆಟ್ರೋಲ್) ಬೇಕು.

ಈಗ ಮುಖ್ಯ ವಿಷಯ. ನೀವು ನಕ್ಷೆ ಹಿಡಿದು ಊರುಗಳನ್ನು ಸಾಲಾಗಿ ಜೋಡಿಸಿದ್ದೀರಿ. ಈ ಪ್ರವಾಸ ಹಾಗೆ ಕೂಡಿಬರುವುದಿಲ್ಲ. ಒಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ, ಅದರಲ್ಲಿ 81 ಮಾತ್ರ ತವರಿನಲ್ಲಿ. ಆರೇಳು ಪಂದ್ಯ ಮನೆಯಲ್ಲಿ ಆಡಿ, ಅಷ್ಟೇ ದಿನ ಹೊರಗೆ ಹೋಗುತ್ತಾರೆ. ನೀವು ಡೆಟ್ರಾಯಿಟ್‌ಗೆ ಹೋದ ದಿನ ಅಲ್ಲಿನ ತಂಡ ಟೈಗರ್ಸ್ ಟೆಕ್ಸಸ್‌ನಲ್ಲಿ ಇರಬಹುದು. ಹಾಗಾಗಿ ಒಂದು ಹಾಳೆ ತೆಗೆದುಕೊಳ್ಳಿ: ಎಡಕ್ಕೆ ಮೇಲಿಂದ ಕೆಳಗೆ ಜುಲೈನ 31 ದಿನ, ಮೇಲೆ ಅಡ್ಡಕ್ಕೆ ನಾಲ್ಕು ತಂಡ. ಪ್ರತಿ ತಂಡದ ವೇಳಾಪಟ್ಟಿ ನೋಡಿ, ತವರಿನ ಆಟ ಇರುವ ಚೌಕಗಳಲ್ಲಿ ಸಮಯ ಬರೆಯಿರಿ. ಹಗಲಿನದ್ದು ಒಂದು ಬಣ್ಣ, ರಾತ್ರಿಯದ್ದು ಇನ್ನೊಂದು. ಜುಲೈ ಮಧ್ಯದಲ್ಲಿ ಆಲ್-ಸ್ಟಾರ್ ವಿರಾಮಕ್ಕೆ (ಆಯ್ದ ತಾರೆಯರ ಪಂದ್ಯಕ್ಕಾಗಿ ಕೊಡುವ ಬಿಡುವು) ಸೋಮವಾರದಿಂದ ಗುರುವಾರದವರೆಗೆ ಸಾಮಾನ್ಯವಾಗಿ ಎಲ್ಲ ಕಡೆ ಖಾಲಿ. ಆ ವಾರವನ್ನು ಮೊದಲೇ ಹೊಡೆದುಹಾಕಿ.

ಹಾಳೆ ತುಂಬಿದ ಮೇಲೆ ಅತಿ ಕಡಿಮೆ ಬಣ್ಣ ಬಿದ್ದಿರುವ ತಂಡ ಯಾವುದು ನೋಡಿ. ಅದೇ ನಿಮ್ಮ ಗೂಟ. ಅದನ್ನು ನೆಟ್ಟು, ಮಿಕ್ಕದ್ದನ್ನು ಅದರ ಸುತ್ತ ಕಟ್ಟಿ. ಡೆಟ್ರಾಯಿಟ್ ಮೊದಲು ಬರುವ ಹಾಗೆ ಒಮ್ಮೆ, ಸಿನ್ಸಿನಾಟಿ ಮೊದಲು ಬರುವ ಹಾಗೆ ಒಮ್ಮೆ, ಎರಡೂ ದಿಕ್ಕಿನಲ್ಲಿ ಬೆರಳು ಓಡಿಸಿ. ಒಂದು ದಿಕ್ಕಿನಲ್ಲಿ ಎರಡೇ ಸಿಗುವ ವಾರದಲ್ಲಿ ಇನ್ನೊಂದು ದಿಕ್ಕಿನಲ್ಲಿ ನಾಲ್ಕೂ ಸಿಗುವುದುಂಟು. ಎರಡೂ ಕೂಡದಿದ್ದರೆ ರಜೆಯನ್ನು ಒಂದು ವಾರ ಹಿಂದೆ ಮುಂದೆ ಮಾಡಿ. ಅದೂ ಆಗದಿದ್ದರೆ ಒಂದು ಊರಲ್ಲಿ ಆಟ ಬಿಟ್ಟು ಸ್ಟೇಡಿಯಂ ಟೂರ್ ಮಾಡಿ. ತಂಡ ಊರಲ್ಲಿ ಇಲ್ಲದ ದಿನವೇ ಟೂರ್ ನಿಧಾನವಾಗಿ ನಡೆಯುವುದು.

ಹಾಳೆಯಲ್ಲಿ ಇನ್ನೊಂದು ಗಮನಿಸಿ. ಸರಣಿಯ ಕೊನೆಯ ಆಟ, ಹೆಚ್ಚಾಗಿ ಬುಧವಾರ ಅಥವಾ ಗುರುವಾರ, ಮಧ್ಯಾಹ್ನ 12 ಅಥವಾ 1 ಗಂಟೆಗೆ ಇರುತ್ತದೆ, ತಂಡಗಳು ಸಂಜೆ ಬೇರೆ ಊರಿಗೆ ಹಾರಬೇಕಾದ್ದರಿಂದ. 2023ರಲ್ಲಿ ಪಿಚ್ ಗಡಿಯಾರ (ಚೆಂಡು ಎಸೆಯಲು ಇಷ್ಟೇ ಸೆಕೆಂಡು ಎಂದು ಎಣಿಸುವುದು) ಬಂದ ಮೇಲೆ ಒಂದು ಆಟ ಸರಾಸರಿ 2 ಗಂಟೆ 40 ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತಿದೆ. ಕ್ಲೀವ್‌ಲ್ಯಾಂಡ್‌ನಲ್ಲಿ ಇಂಥ ಮಧ್ಯಾಹ್ನದ ಆಟ ಸಿಕ್ಕರೆ ನಾಲ್ಕೂವರೆಗೆ ಗಾಡಿ ಹತ್ತಿ, ಬೆಳಕಿರುವಾಗಲೇ ಪಿಟ್ಸ್‌ಬರ್ಗ್ ತಲುಪಬಹುದು. ರಾತ್ರಿ ಆಟ ಮುಗಿಸಿ ದೂರ ಹೊರಡುವ ಯೋಚನೆ ಮಾತ್ರ ಬೇಡ. 7 ಗಂಟೆಯ ಆಟ ಮುಗಿಯುವುದು ಪೌಣೆ ಹತ್ತಕ್ಕೆ, ಪಾರ್ಕಿಂಗ್‌ನಿಂದ ಹೊರಬೀಳುವುದು ಹತ್ತೂವರೆಗೆ. ಹಿರಿಯರನ್ನು ಕೂರಿಸಿಕೊಂಡು ಅಲ್ಲಿಂದ ಮೂರು ಗಂಟೆ ಓಡಿಸುವುದು ಅಪಾಯ.

ಒಂಬತ್ತು ದಿನದ ಅಚ್ಚು ಹೀಗಿರಲಿ. ದಿನಾಂಕ ಹಾಳೆ ಹೇಳಿದಂತೆ. ಶನಿವಾರ ಬೆಳಿಗ್ಗೆ 8ಕ್ಕೆ ಹೊರಟರೆ ನಿಂತು ನಿಂತು ಆರು ಗಂಟೆ. ಆದರೆ ಡೆಟ್ರಾಯಿಟ್ ಪೂರ್ವ ಸಮಯದಲ್ಲಿದೆ, ಗಡಿಯಾರ ಮಧ್ಯಾಹ್ನ 3 ತೋರಿಸುತ್ತದೆ. ಈ ಒಂದು ಗಂಟೆ ಮರೆತು ಮೊದಲ ದಿನವೇ ಆಟಕ್ಕೆ ಟಿಕೆಟ್ ಮಾಡಿದವರು ತಡವಾಗಿ ಒಳಗೆ ಹೋಗುತ್ತಾರೆ. ಆ ದಿನ ವಿಶ್ರಾಂತಿ. ಭಾನುವಾರ ಮಧ್ಯಾಹ್ನ ಡೆಟ್ರಾಯಿಟ್ ಆಟ. ಸೋಮವಾರ ಕ್ಲೀವ್‌ಲ್ಯಾಂಡ್‌ಗೆ, ಸೋಮವಾರ ಅನೇಕ ತಂಡಗಳಿಗೆ ರಜೆ, ಪ್ರಯಾಣಕ್ಕೆ ಅದೇ ಸರಿ. ಮಂಗಳವಾರ ರಾತ್ರಿ ಕ್ಲೀವ್‌ಲ್ಯಾಂಡ್ ಆಟ. ಬುಧವಾರ ಪಿಟ್ಸ್‌ಬರ್ಗ್, ರಾತ್ರಿ ಅಲ್ಲಿನ ಆಟ, ಗುರುವಾರವೂ ಅಲ್ಲೇ, ಶುಕ್ರವಾರ ಸಿನ್ಸಿನಾಟಿಗೆ ಉದ್ದದ ದಾರಿ, ಶನಿವಾರ ಆಟ, ಭಾನುವಾರ ಮನೆಗೆ. ವಾಪಸ್ ಬರುವಾಗ ಇಂಡಿಯಾನಾದಲ್ಲಿ ಕಳೆದುಕೊಂಡ ಗಂಟೆ ಮರಳಿ ಸಿಗುತ್ತದೆ. ಆಟ ಇರುವ ದಿನ 170 ಮೈಲಿಗಿಂತ ಹೆಚ್ಚು ಓಡಿಸುವ ಹಾಗೆ ಮಾಡಿಕೊಳ್ಳಬೇಡಿ. ಮ್ಯಾಪ್ ತೋರಿಸುವ ಸಮಯಕ್ಕೆ ಐದನೇ ಒಂದು ಭಾಗ ಸೇರಿಸಿ. ಬೇಸಿಗೆ ಎಂದರೆ ಎಲ್ಲ ಇಂಟರ್‌ಸ್ಟೇಟ್‌ಗಳಲ್ಲೂ ರಸ್ತೆ ಕೆಲಸ.

ಸೀಟಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಜುಲೈ ಬಿಸಿಲಿನಲ್ಲಿ ಎಪ್ಪತ್ತರ ಹತ್ತಿರದವರನ್ನು ಮೂರು ಗಂಟೆ ಕೂರಿಸುವಾಗ ಇಡೀ ಪ್ರವಾಸ ನಿಂತಿರುವುದು ಇದರ ಮೇಲೆಯೇ. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ನಿಂದ ನೇರ ಎದುರಿನ ಎರಡನೇ ಬೇಸ್ ಕಡೆಗಿನ ರೇಖೆ ಪೂರ್ವ-ಈಶಾನ್ಯಕ್ಕೆ ಇದ್ದರೆ ಒಳ್ಳೆಯದು ಎಂದು ನಿಯಮ ಪುಸ್ತಕವೇ ಹೇಳುತ್ತದೆ, ಬ್ಯಾಟರ್ ಕಣ್ಣಿಗೆ ಸಂಜೆ ಸೂರ್ಯ ಹೊಡೆಯಬಾರದೆಂದು. ಆ ಲೆಕ್ಕದಲ್ಲಿ ಮೂರನೇ ಬೇಸ್ ಬದಿಯ (ಹೋಮ್ ಪ್ಲೇಟ್‌ನಿಂದ ನೋಡಿದರೆ ಎಡಗಡೆಯ) ಗ್ಯಾಲರಿ ಸೂರ್ಯನಿಗೆ ಬೆನ್ನು ಕೊಟ್ಟಿರುತ್ತದೆ, ನೆರಳು ಮೊದಲು ಬೀಳುವುದು ಅಲ್ಲೇ. ಕ್ಲೀವ್‌ಲ್ಯಾಂಡ್‌ನ ಪ್ರೊಗ್ರೆಸಿವ್ ಫೀಲ್ಡ್‌ಗೂ ಶಿಕಾಗೊದ ರಿಗ್ಲಿಗೂ ಇದು ಸರಿ. ಆದರೆ ಎಲ್ಲ ಸ್ಟೇಡಿಯಂ ಈ ಮಾತು ಕೇಳಿಲ್ಲ. ಡೆಟ್ರಾಯಿಟ್‌ನ ಕೊಮೆರಿಕಾ ಪಾರ್ಕ್ ಆಗ್ನೇಯಕ್ಕೆ ಮುಖ ಮಾಡಿದೆ, ಅಲ್ಲಿ ಲೆಕ್ಕ ತಿರುಗುಮುರುಗು: ನೆರಳು ಬಲಗಡೆಯ ಮೊದಲನೇ ಬೇಸ್ ಬದಿಗೆ, ಮೂರನೇ ಬೇಸ್ ಬದಿಯವರ ಮುಖಕ್ಕೆ ಇಳಿಬಿಸಿಲು.

ಬದಿ ಯಾವುದೇ ಇರಲಿ, ನಿಮ್ಮ ಕುಟುಂಬಕ್ಕೆ ಕೆಳಗಿನ ಅಂತಸ್ತಿನ ಕೊನೆಯ ನಾಲ್ಕೈದು ಸಾಲು ಹೇಳಿ ಮಾಡಿಸಿದ ಜಾಗ. ಹೊಸ ಸ್ಟೇಡಿಯಂಗಳಲ್ಲಿ ಓಡಾಡುವ ಹಜಾರ ಆ ಸಾಲುಗಳ ಬೆನ್ನಿಗೇ ಇರುತ್ತದೆ. ನಾಲ್ಕು ಮೆಟ್ಟಿಲು ಇಳಿದರೆ ಸೀಟು, ಹತ್ತಿದರೆ ರೆಸ್ಟ್‌ರೂಮ್. ಮೇಲಿನ ಅಂತಸ್ತೇ ಸೂರು. ಮುಂದಿನ ಸಾಲಿಗೆ ದುಡ್ಡು ಸುರಿದರೆ ಅಮ್ಮ ಪ್ರತಿ ಸಲ ಮೂವತ್ತು ಮೆಟ್ಟಿಲು ಹತ್ತಬೇಕು. ಒಂದೇ ಕೊರತೆ: ಎತ್ತರಕ್ಕೆ ಹಾರಿದ ಚೆಂಡು ಸೂರಿನ ಅಂಚಿನಲ್ಲಿ ಕ್ಷಣ ಮರೆಯಾಗುತ್ತದೆ. ಈ ಸಲಹೆ ರಿಗ್ಲಿಗೆ ಅನ್ವಯಿಸುವುದಿಲ್ಲ. 1914ರ ಕಟ್ಟಡ, ಹಿಂದಿನ ಸಾಲುಗಳ ಮುಂದೆ ಕಬ್ಬಿಣದ ಕಂಬಗಳಿವೆ. ಬಲೆ ಇಲ್ಲದ ಜಾಗದಲ್ಲಿ ಫೌಲ್ ಲೈನ್ (ಮೈದಾನದ ಬದಿಗೆರೆ) ಪಕ್ಕದ ಮುಂದಿನ ಸೀಟು ಹಿರಿಯರಿಗೆ ಬೇಡ. ಮಂಡಿನೋವು ಹೆಚ್ಚಿದ್ದರೆ ಟಿಕೆಟ್ ಕೊಳ್ಳುವಾಗಲೇ ನಡೆಯಲು ಕಷ್ಟವಿರುವವರಿಗೆಂದೇ ಇರುವ ಆಕ್ಸೆಸಿಬಲ್ ಸೀಟು ಆರಿಸಿ.

ಟಿಕೆಟ್ ಬೆಲೆ ದಿನ, ಎದುರಾಳಿ ನೋಡಿ ಏರಿಳಿಯುತ್ತದೆ. ಮರುಮಾರಾಟದ ಆಪ್‌ಗಳಲ್ಲಿ ವಾರದ ದಿನದ ಆಟಕ್ಕೆ ಕೊನೆ ಗಳಿಗೆಯಲ್ಲಿ ಇಳಿಯುವುದು ನಿಜ. ಆದರೆ ನೆರಳಿನಲ್ಲಿ ಐದು ಸೀಟು ಒಟ್ಟಿಗೆ ಬೇಕಾದವರು ಅದಕ್ಕೆ ಕಾಯಬಾರದು. ಹೋಲಿಸುವಾಗ ಶುಲ್ಕ ಸೇರಿದ ಮೊತ್ತ ನೋಡಿ. ಎಲ್ಲ ಟಿಕೆಟ್ ನಿಮ್ಮ ಫೋನಿನಲ್ಲಿ, ಮೇಜರ್ ಲೀಗ್‌ನ ಎಂಎಲ್‌ಬಿ ಬಾಲ್‌ಪಾರ್ಕ್ ಆಪ್‌ನಲ್ಲೇ ಇರಲಿ, ಐವರೂ ಒಟ್ಟಿಗೆ ಗೇಟ್ ದಾಟಿ. ಗೇಟಿನ ಬಳಿ ನೆಟ್‌ವರ್ಕ್ ತೆವಳುತ್ತದೆ, ಹೋಟೆಲ್ ಬಿಡುವ ಮುಂಚೆ ಆಪ್ ತೆರೆದಿಡಿ.

ಮಳೆ. ಈ ನಾಲ್ಕರಲ್ಲಿ ಯಾವುದಕ್ಕೂ ಚಾವಣಿ ಇಲ್ಲ. ಮುಚ್ಚುವ ಚಾವಣಿ ಇರುವುದು ಮಿಲ್ವಾಕಿಗೆ. ಜುಲೈ ಸಂಜೆ ಗುಡುಗು ಸಾಮಾನ್ಯ. ಒಂಬತ್ತರಲ್ಲಿ ಐದು ಇನ್ನಿಂಗ್ಸ್ ಮುಗಿದ ಮೇಲೆ ನಿಂತರೆ ಆಟ ಪೂರ್ತಿಯಾದಂತೆ, ದುಡ್ಡು ಬರುವುದಿಲ್ಲ. ಆಟವೇ ಮುಂದಕ್ಕೆ ಹೋದರೆ ಅದೇ ಟಿಕೆಟ್ ಮರುದಿನಾಂಕಕ್ಕೆ ಸಲ್ಲುತ್ತದೆ, ಆಗ ನೀವು ಬೇರೆ ಊರಲ್ಲಿರುತ್ತೀರಿ. ಅದಕ್ಕೇ ತುಂಬಾ ಇಷ್ಟದ ಸ್ಟೇಡಿಯಂ ಇರುವ ಊರಲ್ಲಿ ಎರಡು ರಾತ್ರಿ ಇರಿ, ಟಿಕೆಟ್ ಮೊದಲ ರಾತ್ರಿಗೆ ತೆಗೆಯಿರಿ. ಹೋಟೆಲ್ ರದ್ದು ಮಾಡಲು ಬರುವಂಥದ್ದೇ ಆಗಿರಲಿ. ಟಿವಿಗಾಗಿ ಭಾನುವಾರದ ಆಟವನ್ನು ರಾತ್ರಿಗೆ ತಳ್ಳುವುದೂ ಉಂಟು, ಹೊರಡುವ ವಾರ ಸಮಯವನ್ನು ಮತ್ತೊಮ್ಮೆ ನೋಡಿ.

ಆ ಎರಡು ರಾತ್ರಿ ಪಿಟ್ಸ್‌ಬರ್ಗ್‌ಗೆ ಕೊಡಿ ಎಂಬುದು ನನ್ನ ಬಲವಾದ ಅಭಿಪ್ರಾಯ. 2001ರಲ್ಲಿ ತೆರೆದ ಪಿಎನ್‌ಸಿ ಪಾರ್ಕ್ ಆಲಿಗೇನಿ ನದಿಯ ದಡದಲ್ಲಿದೆ. ಮೈದಾನದ ಆಚೆ ನದಿ, ಹಳದಿ ಸೇತುವೆ, ಅದರಾಚೆ ಡೌನ್‌ಟೌನ್‌ನ ಕಟ್ಟಡಗಳು. ಇಲ್ಲಿ ನೋಟವೇ ಮುಖ್ಯ, ಹಾಗಾಗಿ ಮೂರನೇ ಬೇಸ್ ಬದಿಯ ಮೇಲಿನ ಅಂತಸ್ತು ತೆಗೆದುಕೊಳ್ಳಿ, ಲಿಫ್ಟ್ ಇದೆ. ಡೌನ್‌ಟೌನ್‌ನಲ್ಲೇ ಗಾಡಿ ನಿಲ್ಲಿಸಿ. ಆಟದ ದಿನ ರಾಬರ್ಟೊ ಕ್ಲೆಮೆಂಟೆ ಸೇತುವೆಯ ಮೇಲೆ ಗಾಡಿ ಬಿಡುವುದಿಲ್ಲ, ಜನ ನಡೆದೇ ದಾಟುತ್ತಾರೆ. ನಡೆಯಲಾಗದವರಿಗೆ ಡೌನ್‌ಟೌನ್‌ನಿಂದ ನಾರ್ತ್ ಸೈಡ್ ನಿಲ್ದಾಣಕ್ಕೆ ಲೈಟ್ ರೈಲು ಉಚಿತ. ಕ್ಲೆಮೆಂಟೆ ಯಾರೆಂದು ಮಗನಿಗೆ ಮೊದಲೇ ಹೇಳಿಡಿ: ಪೋರ್ಟೊರಿಕೊದಿಂದ ಬಂದು ಪಿಟ್ಸ್‌ಬರ್ಗ್ ತಂಡಕ್ಕೆ 3,000 ಹಿಟ್ (ಬೇಸ್ ತಲುಪಿಸುವ ಹೊಡೆತ) ಬಾರಿಸಿದವರು, 1972ರ ಡಿಸೆಂಬರ್ 31ರಂದು ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಾನು ಒಯ್ಯುತ್ತಿದ್ದ ವಿಮಾನ ಬಿದ್ದು ತೀರಿಕೊಂಡರು. ಅವರ ಅಂಗಿಯ ಸಂಖ್ಯೆ 21. ಅದಕ್ಕೇ ಈ ಸ್ಟೇಡಿಯಂನಲ್ಲಿ, ಅವರು ಆಡುವಾಗ ಕಾಯುತ್ತಿದ್ದ ಬಲಬದಿಯ ಗೋಡೆ 21 ಅಡಿ ಎತ್ತರ. ಇದು ತಿಳಿದು ಆ ಗೋಡೆ ನೋಡಿದರೆ ಮಗುವಿಗೆ ಬೇರೆಯೇ ಅನುಭವ.

ಅಪ್ಪ-ಅಮ್ಮನಿಗೂ ಪಿಟ್ಸ್‌ಬರ್ಗ್ ಹಿಡಿಸುತ್ತದೆ. ಪೆನ್ ಹಿಲ್ಸ್ ಗುಡ್ಡದ ಮೇಲಿನ ಶ್ರೀ ವೆಂಕಟೇಶ್ವರ ದೇವಸ್ಥಾನ 1976ರದ್ದು, ಅಮೆರಿಕದ ಹಳೆಯ ದೇವಸ್ಥಾನಗಳಲ್ಲಿ ಒಂದು. ಗುರುವಾರ ಬೆಳಿಗ್ಗೆ ದರ್ಶನ ಮಾಡಿ, ಮಧ್ಯಾಹ್ನ ಮಲಗಬಹುದು.

ಉಳಿದ ಊರುಗಳಿಗೆ ಚುಟುಕಾಗಿ. ಡೆಟ್ರಾಯಿಟ್‌ಗೆ ಭಾನುವಾರ ಹಾಕಿದ್ದು ಮಗನಿಗಾಗಿ: ಸ್ಟೇಡಿಯಂ ಒಳಗೆ ಫೆರಿಸ್ ವೀಲ್, ಹುಲಿಗಳ ಕ್ಯಾರೊಸೆಲ್ ಇವೆ, ಭಾನುವಾರ ಆಟ ಮುಗಿದ ಮೇಲೆ ಮಕ್ಕಳನ್ನು ಮೈದಾನದ ಬೇಸ್‌ಗಳ ಸುತ್ತ ಓಡಲು ಬಿಡುವ ರೂಢಿ ಇದೆ. ಕ್ಲೀವ್‌ಲ್ಯಾಂಡ್‌ನಲ್ಲಿ ಟವರ್ ಸಿಟಿಯಿಂದ ಸ್ಟೇಡಿಯಂ ಹತ್ತಿರದವರೆಗೆ ಮುಚ್ಚಿದ ನಡೆದಾರಿ ಇದೆ. ಸಿನ್ಸಿನಾಟಿ 1869ರಲ್ಲಿ ಮೊದಲ ವೃತ್ತಿಪರ ತಂಡ ಕಟ್ಟಿದ ಊರು. ಸ್ಟೇಡಿಯಂಗೆ ಅಂಟಿಕೊಂಡ, ಅಲ್ಲಿನ ತಂಡ ರೆಡ್ಸ್‌ನ ಮ್ಯೂಸಿಯಂಗೆ ಒಂದು ಗಂಟೆ ಇಡಿ. ಅಲ್ಲಿನ ಸ್ಟ್ರೀಟ್‌ಕಾರ್ ಉಚಿತ, ಗಾಡಿಯನ್ನು ದೂರ ನಿಲ್ಲಿಸಿ ಅದರಲ್ಲಿ ಬನ್ನಿ.

ಊಟಕ್ಕೆ: ಸಸ್ಯಾಹಾರಿಗಳಿಗೆ ಕಣ್ಣುಮುಚ್ಚಿ ನಂಬಬಹುದಾದ್ದು ಹುರಿದ ಕಡಲೆಕಾಯಿ, ಪಾಪ್‌ಕಾರ್ನ್, ಹಣ್ಣಿನ ಬಟ್ಟಲು. ನಾಚೋಸ್ ಮೇಲಿನ ಚಿಲ್ಲಿಯಲ್ಲಿ ಮಾಂಸ ಇರುತ್ತದೆ, ವೆಜ್ ಡಾಗ್ ಅದೇ ಕಾವಲಿಯ ಮೇಲೆ ಬೇಯುತ್ತದೆ, ಫ್ರೈಸ್ ಚಿಕನ್ ಕರಿದ ಎಣ್ಣೆಯಲ್ಲೇ ಆಗಿರಬಹುದು. ಹೊರಗಿನ ತಿಂಡಿ, ಚೀಲದ ಅಳತೆ ಊರಿಗೊಂದು ಥರ: ಒಂದು ಕಡೆ ಬೆನ್ನುಚೀಲ ನಡೆಯುತ್ತದೆ, ಇನ್ನೊಂದು ಕಡೆ ಅಂಗೈಯಗಲದ ಪರ್ಸ್‌ಗಿಂತ ದೊಡ್ಡದು ಬಿಡುವುದಿಲ್ಲ. ತಂಡದ ವೆಬ್‌ಸೈಟಿನ ಎ ಟು ಝಡ್ ಗೈಡ್‌ನಲ್ಲಿ ಹಿಂದಿನ ದಿನ ನೋಡಿ. ಬಿಡುವ ಕಡೆ ಚಪಾತಿಗೆ ಚಟ್ನಿಪುಡಿ ಹಚ್ಚಿ ಸುರುಳಿ ಸುತ್ತಿ, ಒಬ್ಬೊಬ್ಬರದ್ದು ಒಂದೊಂದು ಝಿಪ್‌ಲಾಕ್‌ನಲ್ಲಿ. ಸ್ಟೀಲ್ ಡಬ್ಬಿ, ಸ್ಟೀಲ್ ಬಾಟಲಿ ಗೇಟಿನಲ್ಲಿ ಉಳಿಯಬಹುದು. ಮೊಸರನ್ನ ಬಿಸಿಲಿನ ಕಾರಿನಲ್ಲಿ ಎರಡು ಗಂಟೆಯಲ್ಲಿ ಹುಳಿ ಬರುತ್ತದೆ, ಬೇಡ. ಔಷಧಿ ಚೀಲಕ್ಕೆ ವಿನಾಯಿತಿ ಇದೆ, ತಪಾಸಣೆಯವರಿಗೆ ಮೊದಲೇ ಹೇಳಿ.

ಟೋಲ್: ನಿಮ್ಮ ಇಲಿನಾಯ್ ಟೋಲ್ ಟ್ಯಾಗ್ ಐ-ಪಾಸ್ ಒಹಾಯೊ, ಪೆನ್ಸಿಲ್ವೇನಿಯಾ ಟರ್ನ್‌ಪೈಕ್‌ಗಳಲ್ಲೂ ನಡೆಯುತ್ತದೆ. ಪೆನ್ಸಿಲ್ವೇನಿಯಾದಲ್ಲಿ ನಗದು ಕಿಟಕಿಯೇ ಇಲ್ಲ, ಟ್ಯಾಗ್ ಇಲ್ಲದವರಿಗೆ ಹೆಚ್ಚಿನ ದರದ ಬಿಲ್ ಮನೆಗೆ ಬರುತ್ತದೆ.

ಡೆಟ್ರಾಯಿಟ್‌ನಲ್ಲಿ ಒಂದು ಎಚ್ಚರಿಕೆ. ಅಂಬಾಸಡರ್ ಸೇತುವೆ ಮತ್ತು ಡೌನ್‌ಟೌನ್‌ನ ಸುರಂಗ ನೇರ ಕೆನಡಾಕ್ಕೆ ಹೋಗುತ್ತವೆ. ಲೇನ್ ತಪ್ಪಿದರೆ ಹಿಂದಕ್ಕೆ ತಿರುಗಲು ಜಾಗವಿಲ್ಲ, ಗಡಿ ಅಧಿಕಾರಿಗಳ ಮುಂದೆ ನಿಲ್ಲಬೇಕಾಗುತ್ತದೆ. "ಬ್ರಿಡ್ಜ್ ಟು ಕೆನಡಾ" ಎಂಬ ಫಲಕ ಕಂಡರೆ ಆ ಲೇನ್ ಬಿಡಿ. ವೀಸಾದಲ್ಲಿರುವವರೆಲ್ಲ ಪಾಸ್‌ಪೋರ್ಟ್, ಐ-94 (ಅಮೆರಿಕ ಪ್ರವೇಶದ ದಾಖಲೆ) ಪ್ರತಿ ಜೊತೆಯಲ್ಲೇ ಇಟ್ಟುಕೊಳ್ಳಿ, ಹಿರಿಯರ ಪ್ರವಾಸಿ ವಿಮೆಯ ಕಾರ್ಡ್ ಕೂಡ.

ಹಾಳೆ ತುಂಬಿದ ಮೇಲೆ ಅದರ ಫೋಟೊ ಇಲ್ಲಿ ಹಾಕಿ. ಯಾವ ದಿಕ್ಕು, ಯಾವ ಸಾಲು ಎಂದು ದಿನಾಂಕ ಹಿಡಿದು ನೋಡೋಣ.