ಕಾಡಿಗೆ ಬೆಂಕಿ ಹಚ್ಚುವುದು ಬಿದಿರಲ್ಲ

ಪ್ರಶ್ನೆ: 2019ರ ಫೆಬ್ರುವರಿಯಲ್ಲಿ ಬಂಡೀಪುರದ ಬೆಟ್ಟಗಳು ಉರಿದಾಗ ಮನುಷ್ಯರೇ ಕಾರಣವೆಂದರು. ಬಿದಿರಿಗೆ ಬಿದಿರು ತಿಕ್ಕಿಯೂ ಕಾಡ್ಗಿಚ್ಚು ಹುಟ್ಟುತ್ತದಲ್ಲವೇ? ನಮ್ಮ ಕಾಡಿನ ಬೆಂಕಿಯೂ ಹಾಗೆಯೇ ಇರಬಹುದಲ್ಲವೇ? (ಓದುಗರು, ಚಿಂಚೋಳಿ)

ಉತ್ತರ: ಪ್ರತಿ ಬೇಸಿಗೆಯಲ್ಲೂ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಬೇಸರವಾಗುತ್ತದೆ, ಏಕೆಂದರೆ ಬಿದಿರಿನ ಮೇಲೆ ತಪ್ಪು ಹೊರಿಸಿದರೆ ಕಡ್ಡಿ ಗೀರಿದವರನ್ನು ಯಾರೂ ಹುಡುಕುವುದಿಲ್ಲ. ಗಾಳಿಗೆ ತೂಗುವ ಬಿದಿರು ಕಿರುಗುಟ್ಟುತ್ತದೆಯೇ ಹೊರತು ಕಿಡಿ ಹುಟ್ಟುವಷ್ಟು ಕಾಯುವುದಿಲ್ಲ. ಸಿಡಿಲಿನಿಂದ ಬೆಂಕಿ ಹತ್ತುವುದು ನಿಜ, ಆದರೆ ಮೋಡವೇ ಇಲ್ಲದ ಫೆಬ್ರುವರಿಯಲ್ಲಿ ಸಿಡಿಲು ಎಲ್ಲಿಂದ ಬರಬೇಕು? ಬಂಡೀಪುರದಲ್ಲಿ ಬೆಂಕಿ ಹಚ್ಚಿದ ಆರೋಪದ ಮೇಲೆ ಬಂಧನಗಳೇ ಆದವು. ಒಣಗಿ ನಿಂತಿದ್ದ ಲಂಟಾನ ಪೊದೆಗಳು ಮತ್ತು ಬಲವಾದ ಗಾಳಿ ಉರಿಯನ್ನು ಸಾವಿರಾರು ಎಕರೆಗೆ ಹರಡಿ, ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು.

ಸುಟ್ಟ ನೆಲವನ್ನು ಬಗ್ಗಿ ನೋಡಿ. ಬೆಂಕಿ ಬಂದ ಕಡೆಯಲ್ಲಿ ಕಲ್ಲಿನ ಮೈ ಮಸಿ ಹಿಡಿದಿರುತ್ತದೆ, ಮರೆಯಾದ ಬದಿಯಲ್ಲಿ ಹುಲ್ಲಿನ ಬುಡ ಹಾಗೆಯೇ ಉಳಿದಿರುತ್ತದೆ. ಈ ಗುರುತು ಹಿಡಿದು ಹಿಂದಕ್ಕೆ ನಡೆದರೆ ತಲುಪುವುದು ಬಿದಿರು ಮೆಳೆಯನ್ನಲ್ಲ, ಬಂಡಿದಾರಿಯನ್ನು, ರಸ್ತೆಯಂಚನ್ನು, ಇಲ್ಲವೇ ತೊಗರಿ ರಾಶಿ ಮುಗಿದ ಮೇಲೆ ಬದುವಿಗೆ ಬೆಂಕಿಯಿಟ್ಟ ಹೊಲವನ್ನು. ಚಿಂಚೋಳಿಯದು ಎಲೆ ಉದುರುವ ಒಣ ಕಾಡು. ಅಲ್ಲಿಗೆ ಆರದ ಒಂದು ಬೀಡಿ ತುಂಡು ಸಾಕು. ಅದು ವನ್ಯಜೀವಿಧಾಮವೂ ಆದುದರಿಂದ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

‘ಸುಟ್ಟರೆ ಹುಲ್ಲು ಚೆನ್ನಾಗಿ ಚಿಗುರುತ್ತದೆ’ ಎಂದು ದನಗಾಹಿಗಳಿಗೆ ಹೇಳಿಕೊಡುವ ಹಿರಿಯರಿಗೂ ನನ್ನದೊಂದು ಮಾತಿದೆ. ಆ ಚಿಗುರಿನ ಜೊತೆಗೆ ಮರದ ಸಸಿಗಳೆಲ್ಲ ಸಾಯುತ್ತವೆ. ಬೋಳಾದ ಇಳಿಜಾರಿನ ಮೇಲ್ಮಣ್ಣು ಮೊದಲ ಮಳೆಗೇ ಕೊಚ್ಚಿಹೋಗಿ ಚಂದ್ರಂಪಳ್ಳಿಯಂತಹ ಜಲಾಶಯಗಳಲ್ಲಿ ಹೂಳಾಗುತ್ತದೆ. ನಿಮ್ಮ ಹೊಲ ಕಾಡಿಗೆ ಹೊಂದಿಕೊಂಡಿದ್ದರೆ ತೊಗರಿ ಕಟ್ಟಿಗೆಯನ್ನು ಒಲೆಗೆ ಒಯ್ಯಿರಿ, ಉಳಿದುದನ್ನು ಗೊಬ್ಬರದ ಗುಂಡಿಗೆ ಹಾಕಿರಿ. ‘ಜಾಗ್ರತೆಯಿಂದ ಸುಡುತ್ತೇವೆ’ ಎನ್ನುವವರನ್ನು ನಾನು ನಂಬುವುದಿಲ್ಲ.

ಪ್ರಶ್ನೆ: ಊರಿನ ಹುಡುಗರು ಹಸಿ ಸೊಪ್ಪು ಹಿಡಿದು ಗುಡ್ಡ ಹತ್ತಿ ಬೆಂಕಿ ಆರಿಸಬಹುದೇ? (ಬೀದರ್)

ಉತ್ತರ: ಖಂಡಿತ ಬೇಡ, ಬೆಂಕಿ ಏರಿನಲ್ಲಿ ಮನುಷ್ಯನಿಗಿಂತ ವೇಗವಾಗಿ ಓಡಬಲ್ಲದು. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿ ಬೆಟ್ಟದಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಬೆಂಕಿಗೆ ಸಿಕ್ಕಿ ಸತ್ತರು. 112ಕ್ಕೆ ಕರೆ ಮಾಡಿ, ಅರಣ್ಯ ರಕ್ಷಕರಿಗೆ ತಿಳಿಸಿ.

ಪ್ರಶ್ನೆ: ಸುಟ್ಟ ಗಾಯಕ್ಕೆ ಒಬ್ಬರು ಬೂದಿ ಬೆರೆಸಿದ ಎಣ್ಣೆ ಕೊಡುತ್ತಾರೆ, ಹಚ್ಚಬಹುದೇ? (ಯಾದಗಿರಿ)

ಉತ್ತರ: ಹಚ್ಚಬೇಡಿ. 20 ನಿಮಿಷ ತಣ್ಣೀರು ಹರಿಸಿ, ನೇರವಾಗಿ ಆಸ್ಪತ್ರೆಗೆ ಹೋಗಿ.